ಒಂದೇ ಮನೆಯ ಇಬ್ಬರು ಆಟಗಾರ್ತಿಯರು

ಬಜಪೆ

ಅಮೆರಿಕಕ್ಕೆ ಹೋಗಿ ಬಂದವರನ್ನು ನಮ್ಮ ಕಡೆ ಮೊದಲು ಕೇಳುವುದು ಎರಡೇ ಪ್ರಶ್ನೆ: ಆ ದೊಡ್ಡ ಜಲಪಾತ ನೋಡಿದಿರಾ, ದೀಪ ಹಿಡಿದು ನಿಂತ ಆ ಪ್ರತಿಮೆ ನೋಡಿದಿರಾ? ನಾನು ಎರಡನ್ನೂ ನೋಡಲಿಲ್ಲ. ಅದರ ಬೇಸರವೂ ನನಗಿಲ್ಲ. ನಾನು ನೋಡಿದ್ದು ಒಂದು ಹಸಿರು ಮೈದಾನ, ನಿವೃತ್ತ ಬಸ್ ಚಾಲಕಿಯೊಬ್ಬಳ ಅಡುಗೆಮನೆ, ಮತ್ತು ಆ ಮನೆಯಲ್ಲಿದ್ದ ಇಬ್ಬರು ಫುಟ್‌ಬಾಲ್ ಆಟಗಾರ್ತಿಯರನ್ನು.

ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತು. ನಾನು ಪುಂಜಾಲಕಟ್ಟೆಯವಳು, ಮಿಜಾರಿನ ಸಮೀಪದ ಒಂದು ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಣ ಶಿಕ್ಷಕಿ. ಮಕ್ಕಳ ಬಾಯಲ್ಲಿ ಪಿ.ಟಿ. ಟೀಚರ್. ನಮ್ಮ ಕಡೆಯ ಸೇವಾ ಸಂಸ್ಥೆಯೊಂದು ಬೇಸಿಗೆ ರಜೆಯಲ್ಲಿ ಇಬ್ಬರು ಶಿಕ್ಷಕಿಯರನ್ನು ಅಮೆರಿಕಕ್ಕೆ ಕಳಿಸುವುದೆಂದು ನಿಶ್ಚಯಿಸಿತು. ಅಲ್ಲಿನ ಮನೆಗಳಲ್ಲಿ ಇದ್ದು, ಅಲ್ಲಿನ ಶಾಲೆಗಳನ್ನು ನೋಡಿ ಬರಬೇಕು. ನನ್ನ ಜೊತೆಗೆ ಆಯ್ಕೆಯಾದವರು ಬಂಟ್ವಾಳ ಪೇಟೆಯ ಝೊಹರಾ ಟೀಚರ್. ಇಂಗ್ಲಿಷ್ ಕಲಿಸುವವರು. ಅವರ ಗಂಡ ದಮ್ಮಾಮಿನಲ್ಲಿ ಕೆಲಸದಲ್ಲಿದ್ದರು. ಅವರ ಮನೆಮಾತು ಬ್ಯಾರಿ, ನನ್ನದು ತುಳು. ನಾವು ಮಾತಾಡುತ್ತಿದ್ದುದು ಹೆಚ್ಚಾಗಿ ತುಳುವಿನಲ್ಲಿ. ಇಲ್ಲಿ ಅದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಹೊರಡುವ ಮುಂಚೆ ಹೆಡ್‌ಮಾಸ್ಟರು ನನ್ನನ್ನು ಕರೆದು ಕೇಳಿದ್ದರು.

"ಅಲ್ಲ ಟೀಚರೇ, ಅಲ್ಲಿ ಕಬಡ್ಡಿ ಉಂಟಾ?"

"ಇಲ್ಲ ಸರ್."

"ಖೋಖೋ?"

"ಅದೂ ಇಲ್ಲ."

"ಮತ್ತೆ ಎಂತ ನೋಡ್ಲಿಕ್ಕೆ ಹೋಗುವುದು ನೀವು?"

"ಅಲ್ಲಿ ಹೆಂಗಸರ ಫುಟ್‌ಬಾಲ್ ಲೀಗ್ ಉಂಟಂತೆ ಸರ್. ಬೇರೆ ಬೇರೆ ದೇಶದಿಂದ ಬಂದು, ಸಂಬಳ ತಗೊಂಡು ಆಡ್ತಾರಂತೆ."

ಹೆಡ್‌ಮಾಸ್ಟರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸಂಬಳವಾ? ಓಡ್ಲಿಕ್ಕೆ?" ಎಂದವರು ಕನ್ನಡಕ ಮತ್ತೆ ಹಾಕಿಕೊಂಡು, "ಆಯ್ತು, ಹೋಗಿ ಬನ್ನಿ. ನಮಗೂ ಹೇಳಿ ಮತ್ತೆ" ಎಂದರು.

ಬಜಪೆಯ ವಿಮಾನ ನಿಲ್ದಾಣಕ್ಕೆ ಝೊಹರಾ ಟೀಚರ್ ಬಂದಾಗ ಅವರ ಕೈಯಲ್ಲಿ ಒಂದು ಚೌಕದ ರಟ್ಟಿನ ಪೆಟ್ಟಿಗೆ ಇತ್ತು. ಅದನ್ನು ಮಗುವಿನ ಹಾಗೆ ಎದೆಗೆ ಒತ್ತಿಕೊಂಡಿದ್ದರು.

"ಎಂತ ಟೀಚರೇ ಇದು?"

"ಕೋರಿರೊಟ್ಟಿಯ ರೊಟ್ಟಿ ಮಾರಾಯ್ತಿ. ಲಗೇಜಿಗೆ ಹಾಕಿದ್ರೆ ಪುಡಿ ಆಗ್ತದೆ. ನಾನು ಮಡಿಲಲ್ಲೇ ಇಟ್ಕೊಳ್ತೇನೆ."

ನ್ಯೂಯಾರ್ಕ್

ಮಡಿಲಲ್ಲೇ ಬಂದ ರೊಟ್ಟಿಯನ್ನು ಅಲ್ಲಿನ ತಪಾಸಣೆಯ ಮೇಜಿನ ಮೇಲೆ ಬಿಚ್ಚಬೇಕಾಯಿತು. ಎತ್ತರದ ಒಬ್ಬ ಅಧಿಕಾರಿಣಿ ಒಂದು ರೊಟ್ಟಿಯನ್ನು ತೆಗೆದು ಬೆಳಕಿಗೆ ಹಿಡಿದಳು. ಕೋಳಿಸಾರಿನಲ್ಲಿ ನೆನೆಸಿ ತಿನ್ನುವ ಒಣ ಅಕ್ಕಿರೊಟ್ಟಿ: ಬಿಳಿ ಕಾಗದದಷ್ಟು ತೆಳು, ಗಾಜಿನಷ್ಟು ಗಟ್ಟಿ. ಅವಳು ಅಂಥದ್ದನ್ನು ಎಂದೂ ಕಂಡಿರಲಿಲ್ಲ.

"ಇದೇನು?"

ಹದಿನೈದು ವರ್ಷ ಇಂಗ್ಲಿಷ್ ವ್ಯಾಕರಣ ಕಲಿಸಿದ ಝೊಹರಾ ಟೀಚರಿಗೆ ಆ ಗಳಿಗೆಯಲ್ಲಿ ಒಂದೇ ಒಂದು ಇಂಗ್ಲಿಷ್ ಶಬ್ದವೂ ನೆನಪಿಗೆ ಬರಲಿಲ್ಲ. "ರೊಟ್ಟಿ" ಎಂದರು. ಅಧಿಕಾರಿಣಿ ಹುಬ್ಬೇರಿಸಿದಳು. "ರೊಟ್ಟಿ" ಎಂದು ಇವರು ಇನ್ನೂ ಗಟ್ಟಿಯಾಗಿ ಹೇಳಿದರು.

ನಾನು ಮಾತಿಗೆ ಹೋಗದೆ ಒಂದು ತುಂಡು ಮುರಿದು ಬಾಯಿಗೆ ಹಾಕಿ ಅಗಿದೆ. ಆ ಶಬ್ದಕ್ಕೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಧಿಕಾರಿಣಿಯ ಮುಖದಲ್ಲಿ ನಗು ಬಂದೇ ಬಿಟ್ಟಿತು. ಪೆಟ್ಟಿಗೆಯನ್ನು ತಾನೇ ಜೋಪಾನವಾಗಿ ಮುಚ್ಚಿ ಕೊಟ್ಟಳು. ಆದರೆ ಝೊಹರಾ ಟೀಚರ ತಲೆವಸ್ತ್ರದ ತಪಾಸಣೆ ಆಗಬೇಕೆಂದು ಇನ್ನೊಬ್ಬಳು ಅವರನ್ನು ಪರದೆಯ ಹಿಂದೆ ಕರೆದುಕೊಂಡು ಹೋದಳು. ನಾನು ಪೆಟ್ಟಿಗೆ ಹಿಡಿದು ಗಾಬರಿಯಿಂದ ಪರದೆಯನ್ನೇ ನೋಡುತ್ತ ನಿಂತೆ. ಅವರು ಮಾತ್ರ ಪಿನ್ನು ಸರಿಮಾಡಿಕೊಳ್ಳುತ್ತ ಆರಾಮವಾಗಿ ಹೊರಗೆ ಬಂದರು.

"ಎಂತ ಆಯ್ತು?"

"ಎಂತ ಇಲ್ಲ. ಪಾಪ, ಅವಳ ಕೈ ಐಸಿನ ಹಾಗೆ ತಣ್ಣಗಿತ್ತು. ಬೆಳಿಗ್ಗೆಯಿಂದ ನಿಂತೇ ಉಂಟು ಕಾಣ್ತದೆ. ಬನ್ನಿ ಹೋಗುವ."

ಡೋರತಿಯ ಮನೆ

ನಾವು ಉಳಿದ ಊರಿನ ಹೆಸರನ್ನೂ ತಂಡದ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಮನೆಯೊಳಗೆ ಕೇಳಿದ ಮಾತುಗಳನ್ನು ಹೇಳಲಿದ್ದೇನೆ. ಮನೆಯವರ ಮರ್ಯಾದೆ ಕಾಯುವ ಹೊಣೆ ನನ್ನ ಮೇಲಿದೆ. ಪೂರ್ವ ಕರಾವಳಿಯ ಒಂದು ಊರು ಎಂದರೆ ಸಾಕು.

ಮನೆಯ ಯಜಮಾನಿ ಡೋರತಿ. ವಿಧವೆ. ಮೂವತ್ತು ವರ್ಷ ಶಾಲಾ ಬಸ್ ಓಡಿಸಿ ನಿವೃತ್ತಳಾದವಳು. ಆ ಊರಿನ ಮಹಿಳಾ ಫುಟ್‌ಬಾಲ್ ತಂಡದವರು ತಮ್ಮ ವಿದೇಶಿ ಆಟಗಾರ್ತಿಯರನ್ನು ಹೋಟೆಲಿನಲ್ಲಿ ಇರಿಸದೆ ಊರವರ ಮನೆಗಳಲ್ಲಿ ಇರಿಸುತ್ತಿದ್ದರು. ಡೋರತಿಯ ಮನೆಯಲ್ಲಿ ಇಬ್ಬರಿದ್ದರು. ಒಬ್ಬಳು ನಾರ್ವೆಯ ಇಂಗ್ರಿಡ್: ಅಡಿಕೆಯ ಕಂಗಿನ ಮರದ ಹಾಗೆ ನೆಟ್ಟಗೆ, ಮಾತು ಕಡಿಮೆ, ತನ್ನ ಊರಿನಲ್ಲಿ ಅವಳೂ ಶಾಲಾ ಶಿಕ್ಷಕಿ. ಇನ್ನೊಬ್ಬಳು ನೈಜೀರಿಯಾದ ಲೇಗೋಸಿನವಳು, ಗಿಡ್ಡ ಕಾಲಿನ ಗಟ್ಟಿ ಹುಡುಗಿ, ನಗು ಶುರುವಾದರೆ ಮೇಜು ಅಲುಗುತ್ತಿತ್ತು. ಅವಳ ಹೆಸರು ಬಿಸಿ.

ಮೊದಲ ಬೆಳಿಗ್ಗೆಯೇ ಫಜೀತಿ. ಝೊಹರಾ ಟೀಚರ್ ನನ್ನ ಹತ್ತಿರ ಕನ್ನಡದಲ್ಲಿ "ಕುಡಿಯಲಿಕ್ಕೆ ಬಿಸಿ ನೀರು ಉಂಟಾ ಕೇಳಿ" ಎಂದರು. ಅಲ್ಲಿ ಎಲ್ಲರೂ ಐಸು ಹಾಕಿದ ನೀರನ್ನೇ ಕುಡಿಯುವುದು. ಮೆಟ್ಟಿಲ ಮೇಲಿಂದ "ಹ್ಞಾಂ?" ಎಂದು ಬಿಸಿ ಇಣುಕಿದಳು. ನಾನು ಅವಳಿಗೆ ಅವಳ ಹೆಸರಿನ ಕನ್ನಡ ಅರ್ಥ ಹೇಳಿದೆ. ಅವಳು ಅಡುಗೆಮನೆಗೆ ಬಂದು ಒಲೆಯ ಮೇಲಿದ್ದ ಕೆಟಲನ್ನು ಮುಟ್ಟಿ, "ಬಿಸಿ" ಎಂದಳು. ತನ್ನ ಎದೆ ಮುಟ್ಟಿ, "ಬಿಸಿ" ಎಂದಳು. ಆಮೇಲೆ ಇಂಗ್ರಿಡ್‌ಳ ಕೆನ್ನೆ ಮುಟ್ಟಿ, "ಇವಳಿಗೆ ಏನನ್ನಬೇಕು?" ಎಂದು ಕೇಳಿದಳು. "ತಣ್ಣಗೆ" ಎಂದೆ. ಆ ದಿನದಿಂದ ನಾರ್ವೆಯವಳು ಮನೆಯಲ್ಲಿ "ತಣ್ಣಗೆ" ಆದಳು.

ಎರಡನೆಯ ಫಜೀತಿ ನನ್ನದು. ಬಟ್ಟೆ ಒಗೆದು ಎದುರಿನ ಜಗಲಿಯ ಕಂಬಿಯ ಮೇಲೆ ಒಣಹಾಕಿದೆ. ಇಷ್ಟು ಒಳ್ಳೆಯ ಬಿಸಿಲನ್ನು ಬಿಟ್ಟು ಬಟ್ಟೆಯನ್ನು ಯಂತ್ರದಲ್ಲಿ ಒಣಗಿಸುವುದು ನನಗೆ ಒಪ್ಪಿಗೆಯಾಗಲಿಲ್ಲ. ಮಧ್ಯಾಹ್ನ ಎದುರು ಮನೆಯವರು ಡೋರತಿಗೆ ಫೋನ್ ಮಾಡಿದರು. ಆ ಬೀದಿಯಲ್ಲಿ ಹೊರಗೆ ಬಟ್ಟೆ ಕಾಣಬಾರದಂತೆ. ಡೋರತಿ ಕೆಂಪಾಗಿ, ತೊದಲಿ, ಕ್ಷಮೆ ಕೇಳಿ ನನಗೆ ವಿಷಯ ತಿಳಿಸಿದಳು. ನಾನು ತೆಗೆಯಲು ಹೋದಾಗ ಬಿಸಿ ತನ್ನ ಜೆರ್ಸಿಗಳನ್ನು ತಂದು ನನ್ನ ಲಂಗದ ಪಕ್ಕದಲ್ಲಿ ಹರಡಿದಳು. ಹಿಂದಿನಿಂದ ಇಂಗ್ರಿಡ್ ತನ್ನ ಉದ್ದನೆಯ ಕಾಲುಚೀಲಗಳನ್ನು ತಂದಳು. "ನಮ್ಮ ಊರಿನಲ್ಲಿ ಬಿಸಿಲು ಬಂದರೆ ಎಲ್ಲವನ್ನೂ ಹೊರಗೆ ಹಾಕುತ್ತೇವೆ" ಎಂದಳು. ಡೋರತಿ ಬೀದಿಯ ಈ ತುದಿ ಆ ತುದಿ ನೋಡಿದಳು. ಆಮೇಲೆ ಒಳಗೆ ಹೋಗಿ ತನ್ನ ಒಂದು ಹೊದಿಕೆಯನ್ನು ತಂದು ಹಾಕಿ, "ಬರಲಿ, ಯಾರು ಬರುತ್ತಾರೆ ನೋಡುತ್ತೇನೆ" ಎಂದು ಕುರ್ಚಿ ಎಳೆದು ಜಗಲಿಯಲ್ಲೇ ಕುಳಿತಳು. ಯಾರೂ ಬರಲಿಲ್ಲ.

ಮೈದಾನ

ಆ ಶನಿವಾರ ಅವರ ಪಂದ್ಯ. ಬಂಟ್ವಾಳದಲ್ಲಾಗಲಿ ಮೂಡುಬಿದಿರೆಯಲ್ಲಾಗಲಿ ಮೈದಾನವೆಂದರೆ ನನಗೆ ಕೆಂಪು ಮಣ್ಣು, ಮೂಲೆಯಲ್ಲಿ ಜಲ್ಲಿಯ ರಾಶಿ. ಇಲ್ಲಿ ಹುಲ್ಲನ್ನು ಬಾಚಿ ಇಟ್ಟ ಹಾಗಿತ್ತು. ಕಾಲಿಡಲು ಮನಸ್ಸು ಬರದಷ್ಟು ಅಚ್ಚುಕಟ್ಟು. ಗ್ಯಾಲರಿಯ ತುಂಬ ಸಣ್ಣ ಹುಡುಗಿಯರು, ಮುಖಕ್ಕೆ ಬಣ್ಣ ಬಳಿದುಕೊಂಡವರು. ಅಪ್ಪಂದಿರು ಅವರನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದರು. ಅಪ್ಪ ಮಗಳನ್ನು ಎತ್ತಿಕೊಂಡು ಹೆಂಗಸರ ಆಟ ತೋರಿಸುವುದನ್ನು ನಾನು ಆವರೆಗೆ ಕಂಡಿರಲಿಲ್ಲ. ಎಷ್ಟೋ ಹೊತ್ತು ಆಟ ಬಿಟ್ಟು ಅದನ್ನೇ ನೋಡಿದೆ.

ಇಂಗ್ರಿಡ್ ಚೆಂಡು ಹಿಡಿದು ಬರುವಾಗ ಅವಸರವೇ ಇರಲಿಲ್ಲ. ಎದುರಾಳಿಯ ಮುಂದೆ ಎಡಭುಜ ಸ್ವಲ್ಪ ತಗ್ಗಿಸುವಳು. ಎದುರಾಳಿ ಆ ಕಡೆ ವಾಲುವಷ್ಟರಲ್ಲಿ ಇವಳು ಬಲಗಡೆಯಿಂದ ದಾಟಿ ಹೋಗಿಯೂ ಆಗುತ್ತಿತ್ತು. ಬಿಸಿ ಮಾತ್ರ ಬೆಂಚಿನ ಮೇಲೆ ಕುಳಿತೇ ಇದ್ದಳು. ಕೊನೆಯ ಕೆಲವು ನಿಮಿಷ ಇರುವಾಗ ಅವಳನ್ನು ಇಳಿಸಿದರು. ಅಷ್ಟರಲ್ಲಿ ತಂಡ ಗೆದ್ದಾಗಿತ್ತು.

"ಎಂತ ಮಾರಾಯ್ತಿ, ಇಷ್ಟು ದೂರದಿಂದ ಕರೆಸಿ ಬೆಂಚಿನಲ್ಲಿ ಕೂರಿಸುವುದಾ?" ಎಂದು ಝೊಹರಾ ಟೀಚರ್ ಸಿಟ್ಟಾದರು. ಅವರಿಗೆ ಫುಟ್‌ಬಾಲಿನ ನಿಯಮ ಒಂದೂ ಗೊತ್ತಿರಲಿಲ್ಲ. ಆದರೆ ಅನ್ಯಾಯ ಗೊತ್ತಾಗುತ್ತಿತ್ತು.

ಡೋರತಿಯ ಅಡುಗೆಮನೆ

ಮುಂದಿನ ವಾರ ನಾವು ಶಾಲೆಯೊಂದನ್ನು ನೋಡಿ ಮರಳಿದಾಗ ಬಿಸಿ ಅಡುಗೆಮನೆಯಲ್ಲಿ ಕಪ್ಪುಗಳನ್ನು ತೊಳೆಯುತ್ತಿದ್ದಳು. ತೊಳೆದಿಟ್ಟ ಕಪ್ಪುಗಳನ್ನೇ ಮತ್ತೆ ತೆಗೆದು ತೊಳೆಯುತ್ತಿದ್ದಳು. ಇಂಗ್ರಿಡ್ ಗೋಡೆಗೆ ಒರಗಿ ನಿಂತಿದ್ದಳು. ಡೋರತಿಯ ಕಣ್ಣು ಕೆಂಪಾಗಿತ್ತು.

ವಿಷಯ ಹೀಗಿತ್ತು. ಆ ಲೀಗಿನಲ್ಲಿ ಒಂದು ತಂಡ ಇಷ್ಟೇ ವಿದೇಶಿಯರನ್ನು ಇಟ್ಟುಕೊಳ್ಳಬಹುದೆಂಬ ನಿಯಮ. ತಂಡದವರು ಬ್ರೆಜಿಲಿನಿಂದ ಹೊಸ ಹುಡುಗಿಯೊಬ್ಬಳನ್ನು ತರುತ್ತಿದ್ದರು. ಅವಳಿಗೆ ಜಾಗ ಬೇಕು. ಇರುವವರಲ್ಲಿ ಒಬ್ಬಳು ಹೋಗಬೇಕು. ಬ್ರೆಜಿಲಿನವಳೂ ಗೋಲು ಹೊಡೆಯುವ ಫಾರ್ವರ್ಡ್, ಇಂಗ್ರಿಡ್‌ಳೂ ಬಿಸಿಯೂ ಫಾರ್ವರ್ಡುಗಳೇ. ಹಾಗಾಗಿ ಈ ಮನೆಯ ಇಬ್ಬರಲ್ಲಿ ಒಬ್ಬಳ ಪಾಳಿ ಎಂದು ಇಬ್ಬರಿಗೂ ಕೆಲವು ದಿನಗಳಿಂದ ಗೊತ್ತಿತ್ತಂತೆ. ಗೊತ್ತಿದ್ದೂ ಒಂದೇ ಮೇಜಿನಲ್ಲಿ ಕುಳಿತು ಉಂಡಿದ್ದರು, ಒಂದೇ ಕಂಬಿಯ ಮೇಲೆ ಬಟ್ಟೆ ಹಾಕಿದ್ದರು.

"ನಾನೇ" ಎಂದಳು ಬಿಸಿ, ನಲ್ಲಿ ನಿಲ್ಲಿಸದೆ.

ಝೊಹರಾ ಟೀಚರ್ ಹೋಗಿ ಅವಳ ಕೈಯಿಂದ ಕಪ್ಪು ತೆಗೆದುಕೊಂಡು ನಲ್ಲಿ ಮುಚ್ಚಿದರು.

"ಈಗ ಊರಿಗಾ?" ಎಂದು ನಾನು ಕೇಳಿದೆ.

"ಊರಿಗೆ ಹೋಗಲು ನನಗೆ ನಾಚಿಕೆ ಇಲ್ಲ" ಎಂದಳು ಬಿಸಿ. "ಆದರೆ ಆಡಿ ಸೋತು ಹೋಗುತ್ತೇನೆ. ಕುಳಿತು ಸೋತು ಹೋಗುವುದಿಲ್ಲ."

ಉತ್ತರದ ಕಡೆಯ ಇನ್ನೊಂದು ತಂಡದಲ್ಲಿ ಡಿಫೆಂಡರ್ ಒಬ್ಬಳ ಮಂಡಿ ಹೋಗಿತ್ತು. ಆ ತಂಡದಲ್ಲಿ ವಿದೇಶಿಯರ ಒಂದು ಜಾಗವೂ ಖಾಲಿ ಇತ್ತು. ಬಿಸಿ ಆ ಕೋಚಿಗೆ ಆಗಲೇ ಫೋನ್ ಮಾಡಿದ್ದಳು. ಆತ, ನನಗೆ ಗೋಲು ಹೊಡೆಯುವವರು ಬೇಡ, ತಡೆಯುವವರು ಬೇಕು ಎಂದನಂತೆ. ನಾನು ತಡೆಯುತ್ತೇನೆ ಎಂದು ಇವಳು ಹೇಳಿದ್ದಳು. ಮುಂದಿನ ವಾರ ಬಾ, ನೋಡುವ ಎಂದಿದ್ದ.

"ನೀನು ಯಾವಾಗ ಡಿಫೆಂಡರ್ ಆಗಿ ಆಡಿದ್ದು?" ಇಂಗ್ರಿಡ್ ಕೇಳಿದಳು.

"ಸಣ್ಣವಳಿದ್ದಾಗ. ಅಣ್ಣಂದಿರು ನನ್ನನ್ನು ಹಿಂದೆ ನಿಲ್ಲಿಸುತ್ತಿದ್ದರು. ಮುಂದೆ ಅವರೇ ಆಡುತ್ತಿದ್ದರಲ್ಲ."

ಇಂಗ್ರಿಡ್ ಗೋಡೆ ಬಿಟ್ಟು ಮುಂದೆ ಬಂದು, "ನಾಳೆ ಬೆಳಿಗ್ಗೆಯಿಂದ ನಾನು ಬರುತ್ತೇನೆ. ನನ್ನನ್ನು ತಡೆ. ನನ್ನನ್ನು ತಡೆದರೆ ಈ ಲೀಗಿನಲ್ಲಿ ಯಾರನ್ನೂ ತಡೆಯಬಹುದು" ಎಂದಳು. ಜಂಬವಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಡೋರತಿ ಗಾಬರಿಯಾದಳು. ಅಭ್ಯಾಸದ ಹೊತ್ತು ಬಿಟ್ಟು ಹೊರಗೆ ಆಡಿ ಇಂಗ್ರಿಡ್ ಕಾಲು ಮುರಿದುಕೊಂಡರೆ ಕೋಚು ಅವಳನ್ನೂ ಇಟ್ಟುಕೊಳ್ಳುವುದಿಲ್ಲ. "ಅವನಿಗೆ ನೀನು ಹೇಳುವೆಯಾ?" ಎಂದು ಇಂಗ್ರಿಡ್ ಕೇಳಿದಳು. ಡೋರತಿ, "ನಾನು ಬಸ್ಸಿನಲ್ಲಿ ಮಕ್ಕಳು ಮಾಡಿದ್ದನ್ನೇ ಯಾರಿಗೂ ಹೇಳಿದವಳಲ್ಲ" ಎಂದಳು.

ಶಾಲೆಯ ಹಿಂದಿನ ಬಯಲು

ಹತ್ತಿರದ ಪ್ರಾಥಮಿಕ ಶಾಲೆಯ ಹಿಂದೆ ಒಂದು ಬಯಲಿತ್ತು. ಬೆಳಗಾಗುತ್ತಲೇ ನಾವು ಹೋಗುತ್ತಿದ್ದೆವು. ಇಬ್ಬರಿಗೂ ಚೆಂಡು ಕೊಡುವವರು ಯಾರಾದರೂ ಬೇಕಿತ್ತು. ಆ ಕೆಲಸ ನನ್ನದು. ಮಿಜಾರಿನ ಪಿ.ಟಿ. ಟೀಚರ್ ಚೂಡಿದಾರದ ಮೇಲೆ ಕ್ಯಾನ್ವಾಸ್ ಶೂ ಹಾಕಿಕೊಂಡು, ತಂತಮ್ಮ ದೇಶದ ಪರವಾಗಿ ಆಡಿದ ಇಬ್ಬರಿಗೆ ಮೂಲೆಯಿಂದ ಚೆಂಡು ಒದ್ದು ಕೊಟ್ಟಳು ಎಂದು ಹೇಳಿಕೊಳ್ಳಲು ನನಗೆ ಇವತ್ತಿಗೂ ಖುಷಿ. ಮೊದಲ ಒದೆತಕ್ಕೆ ಇಬ್ಬನಿಯ ಹುಲ್ಲಿನಲ್ಲಿ ಜಾರಿ ಕುಳಿತೇ ಬಿಟ್ಟೆ ಎಂಬುದನ್ನೂ ಹೇಳುತ್ತೇನೆ. ಚೆಂಡು ಬೇಲಿ ದಾಟಿ ಯಾರದೋ ಅಂಗಳಕ್ಕೆ ಹೋಯಿತು. ಝೊಹರಾ ಟೀಚರ್ ತರಲು ಹೋದರು. ಒಳಗಿನಿಂದ ನಾಯಿಯೊಂದು ಬೊಗಳಿತು. ಟೀಚರ್ ಚೆಂಡಿನೊಂದಿಗೆ ಬೇಲಿ ದಾಟಿ ಬಂದ ವೇಗವನ್ನು ನೋಡಿ ಬಿಸಿ ಚಪ್ಪಾಳೆ ತಟ್ಟಿ, "ಕೋಚಿಗೆ ಇವರ ಹೆಸರೂ ಹೇಳುತ್ತೇನೆ" ಎಂದಳು.

ಮೊದಲ ದಿನಗಳಲ್ಲಿ ಬಿಸಿ ಪ್ರತಿ ಸಲ ಸೋತಳು. ಇಂಗ್ರಿಡ್ ಭುಜ ತಗ್ಗಿಸುವಳು, ಬಿಸಿ ಅತ್ತ ವಾಲುವಳು, ಚೆಂಡು ಇತ್ತ ಹೋಗುವುದು. ಬಿಸಿ ನೆಲಕ್ಕೆ ಕೈ ಊರಿ ಏಳುವಾಗ ಬೈಗುಳ ಗೊಣಗುತ್ತಿದ್ದಳು. ಭಾಷೆ ತಿಳಿಯದಿದ್ದರೂ ಅದು ಬೈಗುಳವೆಂದು ನಮಗೆಲ್ಲ ತಿಳಿಯುತ್ತಿತ್ತು.

ಒಂದು ಬೆಳಿಗ್ಗೆ ಇಂಗ್ರಿಡ್ ಚೆಂಡನ್ನು ಕಾಲ ಕೆಳಗೆ ನಿಲ್ಲಿಸಿದಳು.

"ನನ್ನ ಭುಜ ನೋಡಬೇಡ. ಮುಖ ನೋಡಬೇಡ. ಕಾಲೂ ನೋಡಬೇಡ. ಹೊಟ್ಟೆ ನೋಡು. ಭುಜ ಸುಳ್ಳು ಹೇಳುತ್ತದೆ, ಹೊಟ್ಟೆ ಹೇಳುವುದಿಲ್ಲ. ನಾನು ಎಲ್ಲಿಗೆ ಹೋಗುತ್ತೇನೋ ಅಲ್ಲಿಗೆ ಅದು ಮೊದಲೇ ಹೊರಟಿರುತ್ತದೆ."

ಕಬಡ್ಡಿಯಲ್ಲಿ ರೈಡಿಗೆ ಬಂದವಳ ಸೊಂಟ ನೋಡಿ ಎಂದು ನಾನು ನನ್ನ ಹುಡುಗಿಯರಿಗೆ ಎಷ್ಟು ಸಲ ಕೂಗಿ ಹೇಳಿದ್ದೇನೋ. ಆದರೆ ನಾನು ಹೇಳಿದ್ದು ನನ್ನ ಹುಡುಗಿಯರಿಗೆ. ಇವಳು ತನ್ನ ಗುಟ್ಟನ್ನು ಕೊಡುತ್ತಿದ್ದುದು ನಾಳೆ ಎದುರು ತಂಡಕ್ಕೆ ಹೋಗಬಹುದಾದವಳಿಗೆ. ಅದು ಇಂಗ್ರಿಡ್‌ಗೆ ತಿಳಿಯದ ವಿಷಯವೇನೂ ಆಗಿರಲಿಲ್ಲ. ಹಿಂದಿರುಗುವಾಗ ನಾನು ಕೇಳಿದೆ: "ಅವಳು ನಿನ್ನ ಎದುರೇ ಆಡಬೇಕಾಗಿ ಬಂದರೆ?"

"ಬರಲಿ" ಎಂದಳು. "ಬೆಂಚಿನ ಮೇಲೆ ಕೂತವಳನ್ನು ಕಳಿಸಿದ್ದಕ್ಕೆ ನಾನು ಉಳಿದೆ ಎಂದು ನೆನೆಯುವುದಕ್ಕಿಂತ, ಎದುರಿಗೆ ನಿಂತವಳನ್ನು ದಾಟಿದೆ ಎಂದು ನೆನೆಯುವುದು ಒಳ್ಳೆಯದು."

ಆ ವಾರದ ಕೊನೆಗೆ ಹತ್ತರಲ್ಲಿ ಮೂರು ನಾಲ್ಕು ಸಲ ಚೆಂಡು ಬಿಸಿಯ ಕಾಲಲ್ಲಿ ಇರುತ್ತಿತ್ತು.

ಕೋರಿರೊಟ್ಟಿಯ ಸಂಜೆ

ಬಿಸಿ ಉತ್ತರಕ್ಕೆ ಹೊರಡುವ ಹಿಂದಿನ ಸಂಜೆ ಝೊಹರಾ ಟೀಚರ್ ಪೆಟ್ಟಿಗೆ ಬಿಚ್ಚಿದರು. ಹಲಾಲ್ ಕೋಳಿ ಎಲ್ಲಿ ಸಿಗುತ್ತದೆಂದು ಅವರು ಬಂದ ದಿನದಿಂದ ಹುಡುಕುತ್ತಿದ್ದರು. ತರಕಾರಿ ತಿಂದೇ ದಿನ ಕಳೆದಿದ್ದರು. "ನನ್ನನ್ನು ಕೇಳಬೇಡವೇ?" ಎಂದಳು ಬಿಸಿ. ಅವಳೂ ಮುಸ್ಲಿಮಳೆಂದು ನಮಗೆ ಗೊತ್ತಾದದ್ದು ಆಗಲೇ. ಪೇಟೆಯ ಆ ತುದಿಯಲ್ಲಿದ್ದ ಸೊಮಾಲಿಯಾದವನೊಬ್ಬನ ಅಂಗಡಿಗೆ ಅವಳೇ ನಮ್ಮನ್ನು ಕರೆದುಕೊಂಡು ಹೋದಳು.

ದಾರಿಯಲ್ಲಿ ಝೊಹರಾ ಟೀಚರ್ ಕೊನೆಗೂ ಕೇಳಿಯೇ ಬಿಟ್ಟರು.

"ನೀನು ಹೀಗೆ ಚಡ್ಡಿ ಹಾಕಿ ಆಡುವುದಕ್ಕೆ ನಿನ್ನ ಅಮ್ಮ ಏನೂ ಹೇಳುವುದಿಲ್ಲವೇ?"

"ಹೇಳುತ್ತಾಳೆ" ಎಂದಳು ಬಿಸಿ. "ಪಂದ್ಯಕ್ಕೆ ಬಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಾಳೆ. ಆಚೆ ಒದೆ, ಈಚೆ ಒದೆ, ಕಣ್ಣು ಕಾಣುವುದಿಲ್ಲವೇ ನಿನಗೆ, ಎಂದು. ರೆಫರಿಗೂ ಹೇಳುತ್ತಾಳೆ. ತಲೆವಸ್ತ್ರ ಜಾರಿದರೂ ಅವಳಿಗೆ ಗೊತ್ತಾಗುವುದಿಲ್ಲ."

ಝೊಹರಾ ಟೀಚರಿಗೆ ನಗು ತಡೆಯಲಾಗಲಿಲ್ಲ. ನನ್ನ ಕಡೆ ತಿರುಗಿ, "ಆ ಹೆಂಗಸನ್ನು ಒಮ್ಮೆ ನೋಡ್ಬೇಕು ಟೀಚರೇ. ನಮ್ಮ ಬಂಟ್ವಾಳಕ್ಕೆ ಆಗುವ ಜನ" ಎಂದರು.

ತೆಂಗಿನಹಾಲು ಡಬ್ಬಿಯದು, ಕೊತ್ತಂಬರಿ ಬೇರೆ ಪರಿಮಳದ್ದು. ಆದರೂ ಸಾರು ಕುದಿಯುವಾಗ ಆ ಮನೆಗೆ ನಮ್ಮ ಊರು ಬಂದಿತ್ತು. ಡೋರತಿ ಕಿಟಕಿಗಳನ್ನೆಲ್ಲ ತೆರೆದಿಟ್ಟಳು. ಇಂಗ್ರಿಡ್ ಸಾರು ಬರುವ ಮುಂಚೆ ಒಣರೊಟ್ಟಿಯನ್ನೇ ಮುರಿದು ಮುರಿದು ತಿಂದು ಅರ್ಧ ಮುಗಿಸಿದಳು. "ನಮ್ಮಲ್ಲೂ ಇಂಥ ಒಣರೊಟ್ಟಿ ಉಂಟು, ಇಷ್ಟು ತೆಳು ಅಲ್ಲ" ಎಂದಳು. ಪಾಪ, ಖಾರವಾದೀತು ಎಂದು ಝೊಹರಾ ಟೀಚರ್ ಬಿಸಿಯ ತಟ್ಟೆಗೆ ಸಾರನ್ನು ಹಿಡಿದು ಹಿಡಿದು ಬಡಿಸಿದರು. ಬಿಸಿ ಒಂದು ತುತ್ತು ತಿಂದು ಎದ್ದು ಹೋಗಿ ತನ್ನ ಊರಿನ ಮೆಣಸಿನ ಪುಡಿಯ ಡಬ್ಬಿ ತಂದು ಧಾರಾಳವಾಗಿ ಉದುರಿಸಿದಳು. ಹಟಕ್ಕೆ ಬಿದ್ದ ಟೀಚರ್ ತಾವೂ ಉದುರಿಸಿಕೊಂಡರು. ಆಮೇಲೆ ಅವರು ಐಸು ಹಾಕಿದ ನೀರನ್ನೇ ಕೇಳಿ ಕುಡಿದರು.

ಮರುದಿನ ಬೆಳಿಗ್ಗೆ ಡೋರತಿ ಬಿಸಿಯನ್ನು ಬಸ್ ನಿಲ್ದಾಣಕ್ಕೆ ಬಿಟ್ಟು ಬಂದಳು. ಎರಡು ದಿನ ನಾವೆಲ್ಲ ಫೋನಿನ ಸುತ್ತಲೇ ಸುಳಿದಾಡಿದೆವು. ಮೂರನೆಯ ದಿನ ಫೋನು ಬಂತು. ಡೋರತಿ ಎತ್ತಿಕೊಂಡು ರಿಸೀವರನ್ನು ನಮ್ಮೆಲ್ಲರ ಕಡೆ ಹಿಡಿದಳು. ಮೇಜು ಅಲುಗಿಸುವ ಆ ನಗು ಅಷ್ಟು ದೂರದಿಂದಲೂ ಅಡುಗೆಮನೆ ತುಂಬ ಕೇಳಿಸಿತು.

ಮತ್ತೆ ಮೈದಾನ

ನಾವು ಊರಿಗೆ ಹೊರಡುವ ವಾರದಲ್ಲೇ ಬಿಸಿಯ ಹೊಸ ತಂಡ ಇಲ್ಲಿಗೆ ಆಡಲು ಬಂತು. ಡೋರತಿ ಎಂದಿನಂತೆ ಊರಿನ ತಂಡದ ಅಂಗಿ ಹಾಕಿಕೊಂಡಿದ್ದಳು. ಝೊಹರಾ ಟೀಚರ್ ಮಾತ್ರ ಯಾವ ಬಣ್ಣದ್ದನ್ನೂ ಒಪ್ಪಲಿಲ್ಲ. "ನಾನು ಎರಡೂ ಕಡೆ" ಎಂದರು. ಬಿಸಿ ಬಲಗಡೆಯ ಡಿಫೆಂಡರ್. ಅಂದರೆ ಮೊದಲಿನಿಂದ ಕೊನೆಯವರೆಗೆ ಅವಳ ಎದುರು ಇಂಗ್ರಿಡ್‌ಳೇ.

ಬ್ರೆಜಿಲಿನ ಹುಡುಗಿ ಬಂದಿದ್ದಳು, ಚೆಂದವಾಗಿಯೇ ಆಡಿದಳು. ನಾವು ನೋಡುತ್ತಿದ್ದುದು ಮೈದಾನದ ಒಂದೇ ಮೂಲೆಯನ್ನು. ಇಂಗ್ರಿಡ್ ಮೊದಲ ಸಲ ಬಂದಾಗ ಭುಜ ತಗ್ಗಿಸಲೇ ಇಲ್ಲ. ಕೇವಲ ವೇಗದಿಂದ ದಾಟಿ ಹೋದಳು. ಎರಡನೆಯ ಸಲವೂ ದಾಟಿದಳು. ಚೆಂಡು ಗೋಲಿನ ಕಂಬಕ್ಕೆ ತಾಗಿ ಹೊರಗೆ ಹೋಯಿತು. ಗ್ಯಾಲರಿ ಎದ್ದು ನಿಂತಿತು. ಬಿಸಿಯ ಹೊಸ ಕೋಚು ಬದಿಯಲ್ಲಿ ನಿಂತು ಅವಳಿಗೆ ಏನೋ ಕೂಗಿದ. ಅವಳನ್ನು ಹೊರಗೆ ಕರೆಯುತ್ತಾನೆಂದೇ ನನಗೆ ಅನಿಸಿತು. ಕರೆಯಲಿಲ್ಲ.

ವಿರಾಮದ ಬಳಿಕ ಆಟ ಒರಟಾಯಿತು. ಒಮ್ಮೆ ಬಿಸಿ ತಡವಾಗಿ ಕಾಲು ಹಾಕಿ ಇಂಗ್ರಿಡ್‌ಳನ್ನು ಬೀಳಿಸಿದಳು. ಇಂಗ್ರಿಡ್ ಎದ್ದವಳೇ ಅವಳ ಎದೆಗೆ ಕೈಯಿಟ್ಟು ತಳ್ಳಿದಳು. ರೆಫರಿ ಇಬ್ಬರಿಗೂ ಹಳದಿ ಕಾರ್ಡು ತೋರಿಸಿದಳು. ಡೋರತಿ ಕಣ್ಣು ಮುಚ್ಚಿಕೊಂಡಳು. "ಎಂತ ಇದು! ಮೊನ್ನೆ ಒಟ್ಟಿಗೆ ಕೂತು ಉಂಡವರಲ್ವಾ ಇವರು?" ಎಂದು ಝೊಹರಾ ಟೀಚರ್ ನನ್ನ ಕೈ ಹಿಚುಕಿದರು. ನನಗೆ ಮಾತ್ರ ಆ ಸಿಟ್ಟು ಹಿಡಿಸಿತು. ಗೆಳತಿಯೆಂದು ಒಬ್ಬಳು ಇನ್ನೊಬ್ಬಳಿಗೆ ಅರ್ಧ ಹೆಜ್ಜೆ ಬಿಟ್ಟುಕೊಟ್ಟಿದ್ದರೂ ನಾನು ಅಲ್ಲಿಂದ ಎದ್ದು ಹೋಗುತ್ತಿದ್ದೆ.

ಗೋಲಿಲ್ಲದೆ ಆಟ ಮುಗಿಯುತ್ತ ಬಂದಿತ್ತು. ಆಗ ಇಂಗ್ರಿಡ್‌ಗೆ ಉದ್ದನೆಯ ಪಾಸ್ ಸಿಕ್ಕಿತು. ಎದುರಿಗೆ ಬಿಸಿ ಒಬ್ಬಳೇ, ಅವಳ ಹಿಂದೆ ಗೋಲ್‌ಕೀಪರ್. ಈ ಸಲ ಇಂಗ್ರಿಡ್ ಭುಜ ತಗ್ಗಿಸಿದಳು. ಬಿಸಿ ಅಲುಗಲಿಲ್ಲ. ಒಂದು ಕ್ಷಣ ನಿಂತಲ್ಲೇ ನಿಂತು, ಇಂಗ್ರಿಡ್ ಬಲಕ್ಕೆ ಹೊರಟ ಕೂಡಲೇ ಅಲ್ಲಿಗೇ ಕಾಲು ಚಾಚಿ ಜಾರಿದಳು. ಚೆಂಡು ಅವಳ ಕಾಲಿಗೆ ಬಂತು. ಇಂಗ್ರಿಡ್ ಅವಳ ಮೇಲಿಂದ ಉರುಳಿ ಬಿದ್ದಳು. ಬಿಸಿ ಎದ್ದು ತಲೆ ಎತ್ತಿ ನೋಡಿ ಚೆಂಡನ್ನು ಮೈದಾನದ ಆ ತುದಿಗೆ ಒದ್ದಳು. ಅಲ್ಲಿದ್ದವಳು ಅದನ್ನು ಗೋಲಿನೊಳಗೆ ಹಾಕಿಯೇ ಬಿಟ್ಟಳು.

ಅದೊಂದೇ ಗೋಲು. ಊರಿನ ತಂಡ ಸೋತಿತು. ಮುಖಕ್ಕೆ ಬಣ್ಣ ಬಳಿದುಕೊಂಡ ಹುಡುಗಿಯರು ಅಳತೊಡಗಿದರು. ಇಂಗ್ರಿಡ್ ಹುಲ್ಲಿನ ಮೇಲೆ ಕುಳಿತೇ ಇದ್ದಳು. ಬಿಸಿ ಬಂದು ಕೈ ಚಾಚಿದಾಗ ತಲೆ ಅಲ್ಲಾಡಿಸಿ, ಆ ಕೈ ಹಿಡಿಯದೆ ತಾನೇ ಎದ್ದು ಒಳಗೆ ಹೋದಳು.

ನಾವು ಇಳಿದು ಬೇಲಿಯ ಹತ್ತಿರ ಬಂದಾಗ ಬಿಸಿಯ ಹಳೆಯ ಕೋಚು ಅವಳ ಜೊತೆ ನಿಂತಿದ್ದ.

"ನಿನಗೆ ಡಿಫೆನ್ಸ್ ಆಡಲು ಬರುತ್ತದೆಂದು ನನಗೆ ಹೇಳಲೇ ಇಲ್ಲವಲ್ಲ" ಎಂದ.

"ನೀವು ಕೇಳಲೇ ಇಲ್ಲ" ಎಂದಳು ಬಿಸಿ. ಸಿಟ್ಟಿಲ್ಲ, ವ್ಯಂಗ್ಯವಿಲ್ಲ. ಆತ ಟೋಪಿ ತೆಗೆದು ತಲೆ ಕೆರೆದುಕೊಂಡು, ಅವಳ ಕೈ ಕುಲುಕಿ ಹೋದ.

ಎದುರು ತಂಡದ ಬಸ್ಸು ಹೊರಡಲು ನಿಂತಿತ್ತು. ಬಿಸಿ ನಮ್ಮೊಂದಿಗೆ ಮಾತಾಡುತ್ತಿದ್ದರೂ ಕಣ್ಣೆಲ್ಲ ಬಾಗಿಲ ಕಡೆಗಿತ್ತು. ಕೊನೆಗೆ ಇಂಗ್ರಿಡ್ ಒದ್ದೆ ಕೂದಲಲ್ಲಿ ಬಂದಳು.

"ಅದು ಫೌಲ್" ಎಂದಳು.

"ಅಲ್ಲ" ಎಂದಳು ಬಿಸಿ.

"ಫೌಲ್."

"ಅಲ್ಲವೇ ಅಲ್ಲ. ಟೀಚರ್, ನೀವು ಹೇಳಿ."

ಇಬ್ಬರೂ ನನ್ನ ಕಡೆ ತಿರುಗಿದರು. ಜಿಲ್ಲಾ ಮಟ್ಟದಲ್ಲಿ ಎಷ್ಟೋ ವಿಸಿಲ್ ಊದಿದ್ದೇನೆ, ಇಷ್ಟು ಕಷ್ಟದ ತೀರ್ಪು ಹೇಳಿದ್ದು ನೆನಪಿಲ್ಲ. "ಮೊದಲು ತಾಗಿದ್ದು ಚೆಂಡಿಗೆ. ಫೌಲ್ ಅಲ್ಲ" ಎಂದೆ.

ಇಂಗ್ರಿಡ್ ನನ್ನನ್ನು ದುರುಗುಟ್ಟಿ ನೋಡಿದಳು. ಆಮೇಲೆ ಬಿಸಿಯ ಕುತ್ತಿಗೆ ಬಳಸಿ ಹಣೆಗೆ ಹಣೆ ತಾಗಿಸಿ, "ಮುಂದಿನ ಸಲ ಹೊಟ್ಟೆಯಿಂದಲೂ ಸುಳ್ಳು ಹೇಳುತ್ತೇನೆ, ನೋಡುತ್ತಿರು" ಎಂದಳು. ಡೋರತಿ ಇಬ್ಬರನ್ನೂ ಒಟ್ಟಿಗೆ ತಬ್ಬಿ ಅತ್ತಳು. ಝೊಹರಾ ಟೀಚರ್ ಉಳಿದಿದ್ದ ರೊಟ್ಟಿಗಳನ್ನು ಬಿಸಿಯ ಚೀಲಕ್ಕೆ ತುರುಕಿ, "ಪುಡಿ ಆದ್ರೂ ತಿನ್ನು" ಎಂದು ಕನ್ನಡದಲ್ಲೇ ಹೇಳಿದರು. ಅವಳು ಹ್ಞೂಂ ಎಂದು ತಲೆ ಆಡಿಸಿದಳು. ಅರ್ಥವಾಗಿತ್ತು.

ಮಿಜಾರು

ಜೂನಿನಲ್ಲಿ ಶಾಲೆ ಶುರುವಾಯಿತು. ಮೊದಲ ಪಿ.ಟಿ. ಪೀರಿಯಡ್ಡಿನಲ್ಲಿ ಮಳೆ. ಹುಡುಗಿಯರನ್ನು ಜಗಲಿಯಲ್ಲಿ ಕೂರಿಸಿ ಇದನ್ನೆಲ್ಲ ಹೇಳಿದೆ. ಜಲಪಾತದ ಬಗ್ಗೆ ಯಾರೂ ಕೇಳಲಿಲ್ಲ. "ಟೀಚರ್, ಇಂಗ್ರಿಡ್ ಅಕ್ಕನಿಗೆ ಈಗಲೂ ಸಿಟ್ಟು ಉಂಟಾ?" ಎಂದು ಕೇಳಿದರು. "ಬಿಸಿ ಅಕ್ಕ ಇಲ್ಲಿಗೆ ಬರ್ತಾರಾ?" ಎಂದು ಕೇಳಿದರು.

ಮಳೆ ನಿಂತ ಮೇಲೆ ಅಂಗಳಕ್ಕೆ ಇಳಿದೆವು. ಶಾಲೆಯ ಹೊಸ ಫುಟ್‌ಬಾಲನ್ನು ನಾನು ನಡುವೆ ಇಟ್ಟೆ. ಗೋಲಿಗೆ ಎರಡೆರ‍ಡು ಕಲ್ಲು. ಕೂಡಲೇ ಗಲಾಟೆ ಶುರು: "ನಾನು ಬಿಸಿ", "ಇಲ್ಲ, ನಾನು ಬಿಸಿ, ನೀನು ಇಂಗ್ರಿಡ್", "ನಾನು ಬ್ರೆಜಿಲ್ ಆಗುವುದಿಲ್ಲಪ್ಪ."

ಒಂಬತ್ತನೆಯ ತರಗತಿಯಲ್ಲಿ ಜಯಂತಿ ಎಂಬ ಹುಡುಗಿ ಇದ್ದಳು. ಎತ್ತರದವಳು. ತರಗತಿಯಲ್ಲಿ ಹಾಜರಿ ಕರೆದಾಗಲೂ ಅವಳ ದನಿ ಕೇಳುವುದು ಕಷ್ಟ. ಅವಳು ಈ ಗಲಾಟೆಯ ನಡುವಿನಿಂದ ಮೆಲ್ಲಗೆ ಬಂದು ಲಂಗವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು. ಕೆಸರಿನಲ್ಲಿ ಬರಿಗಾಲೂರಿ ಚೆಂಡಿನ ಮೇಲೆ ಪಾದವಿಟ್ಟು ನಿಂತಳು. ಉಳಿದವರೆಲ್ಲ ಅವಳ ಕಡೆ ತಿರುಗಿದರು.

"ನಾನು ಜಯಂತಿ" ಎಂದಳು. "ಬನ್ನಿ, ಯಾರು ತೆಗೀತೀರಿ ನೋಡುವ."

ನಾನು ವಿಸಿಲ್ ಊದಿದೆ.